"ಗಂಜಿ ಕೊಟ್ಟು ಮತಾಂತರ ಮಾಡ್ತೀರಾ?" ಅಂತ ಕೇಳುವವರಿಗೆ

ಮಂಗಳೂರಿನಲ್ಲಿ ನಮ್ಮ ಚರ್ಚಿನ ಸಭೆಯ ಏಳೆಂಟು ಜನ ಸೇರಿ ಶನಿವಾರ ಬೆಳಿಗ್ಗೆ ಸರಕಾರಿ ಆಸ್ಪತ್ರೆಗೆ ಹೋಗುತ್ತೇವೆ. ರೋಗಿಗಳನ್ನು ನೋಡಿಕೊಳ್ಳಲು ಬಂದು ವರಾಂಡದಲ್ಲಿ ಮಲಗುವವರಿಗೆ ಗಂಜಿ, ಚಟ್ನಿ ಕೊಡುವುದು ನಮ್ಮ ಕೆಲಸ. ಇಷ್ಟಕ್ಕೇ ನನಗೆ ಎರಡು ಕಡೆಯಿಂದ ಪ್ರಶ್ನೆ. ಆಫೀಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ, "ಗಂಜಿ ಕೊಟ್ಟು ಮತಾಂತರ ಮಾಡ್ತೀರಂತೆ, ಹೌದಾ ಮಾರಾಯ್ರೆ?" ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ನಮ್ಮವರೇ ಒಬ್ಬರು, "ಗಂಜಿ ಕೊಟ್ಟು ಸುಮ್ನೆ ಬರ್ತೀರಲ್ಲ, ಯೇಸುವಿನ ಬಗ್ಗೆ ಒಂದು ಮಾತೂ ಹೇಳುದಿಲ್ವಾ?"

ಇಬ್ಬರಿಗೂ ನನ್ನ ಉತ್ತರ ಒಂದೇ. ಹೇಳುತ್ತೇನೆ, ಕೇಳಿದರೆ. ಗಂಜಿಯ ಜೊತೆ ಕಟ್ಟಿ ಕೊಡುವುದಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಶುರುವಿನ ದಿನಗಳಲ್ಲಿ ಪ್ರತಿ ಪೊಟ್ಟಣದ ಜೊತೆ ಒಂದು ಕರಪತ್ರ ಇಡುತ್ತಿದ್ದೆವು. ಇಡೋಣ ಅಂದವನು ನಾನೇ. ಒಂದು ದಿನ ಹಾವೇರಿ ಕಡೆಯ ಹುಡುಗನೊಬ್ಬ ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕ ಎಲ್ಲಿ ಸಹಿ ಮಾಡಬೇಕ್ರಿ?" ಅಂತ ಕೇಳಿದ. ಅವನಿಗೆ ಕುಚೋದ್ಯ ಇರಲಿಲ್ಲ. ಮೂರು ದಿನದಿಂದ ಎಕ್ಸ್-ರೇಗೆ, ರಕ್ತಕ್ಕೆ, ಸ್ಕ್ಯಾನಿಂಗ್‌ಗೆ ಅಂತ ಕಂಡ ಕಾಗದಕ್ಕೆಲ್ಲ ಸಹಿ ಹಾಕಿದ್ದ, ಊಟಕ್ಕೂ ಒಂದು ಸಹಿ ಇರುತ್ತದೆ ಅಂದುಕೊಂಡಿದ್ದ. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು ಗೊತ್ತಾಗಲಿಲ್ಲ. ಮುಂದಿನ ವಾರದಿಂದ ಕರಪತ್ರ ಬಿಟ್ಟೆವು. ಅದಕ್ಕೆ ಸಭೆಯಲ್ಲಿ ಒಂದಿಷ್ಟು ಗಲಾಟೆಯೂ ಆಯಿತು, ಇರಲಿ.

ನಮ್ಮವರು ಆಗ ನನ್ನ ಮುಂದೆ ಹಿಡಿದದ್ದು ಬೈಬಲಿನ ಮತ್ತಾಯನ ಸುವಾರ್ತೆಯ ಕೊನೆಯ ಮಾತುಗಳನ್ನು. ಹೋಗಿ, ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ ಅಂತ ಯೇಸು ಹೇಳಿದ ಆಜ್ಞೆ ಅದು. ಒಪ್ಪುತ್ತೇನೆ. ಅದನ್ನು ಬಿಟ್ಟು ಕ್ರೈಸ್ತ ಅನ್ನಿಸಿಕೊಳ್ಳಲು ಆಗುವುದಿಲ್ಲ, ಚರ್ಚಿನ ನಾಲ್ಕು ಗೋಡೆಯೊಳಗೆ ಹಾಡಿಕೊಂಡು ಮನೆಗೆ ಹೋಗುವುದಕ್ಕೆ ಅವನು ನಮ್ಮನ್ನು ಕರೆದಿಲ್ಲ. ಆದರೆ ಅದೇ ಮತ್ತಾಯನ 23ನೇ ಅಧ್ಯಾಯವನ್ನೂ ಓದಬೇಕಲ್ವಾ? ಒಬ್ಬನನ್ನು ತಮ್ಮ ಮತಕ್ಕೆ ಸೇರಿಸಲು ಕಡಲು, ನೆಲ ಸುತ್ತಿ ಬಂದು, ಆಮೇಲೆ ಅವನನ್ನು ತಮಗಿಂತ ಕೆಟ್ಟವನನ್ನಾಗಿ ಮಾಡುವವರನ್ನು ಯೇಸು ಅಲ್ಲಿ ಬಾಯಿ ತುಂಬ ಬೈಯುತ್ತಾನೆ. ತಾನು ಹಂಚಿದ ರೊಟ್ಟಿ ತಿಂದವರು ಮರುದಿನ ಹುಡುಕಿಕೊಂಡು ಬಂದಾಗ, ನೀವು ಬಂದದ್ದು ಹೊಟ್ಟೆ ತುಂಬಿತು ಅಂತ ತಾನೇ ಎಂದು ಮುಖದ ಮೇಲೇ ಹೇಳುತ್ತಾನೆ. ಅದು ಯೋಹಾನನ ಸುವಾರ್ತೆಯಲ್ಲಿದೆ. ರೊಟ್ಟಿ ತೋರಿಸಿ ಜನ ಸೇರಿಸುವ ಆಸೆ ಇದ್ದವನ ಮಾತಾ ಇದು?

ಕರಾವಳಿಯ ಪ್ರೊಟೆಸ್ಟೆಂಟರಾದ ನಮಗೆ ಈ ಜಗಳ ಅಜ್ಜನ ಕಾಲದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ಬೀದಿ, ಸಂತೆ, ಜಾತ್ರೆಗಳಲ್ಲಿ ನಿಂತು ಬೋಧಿಸಿದರು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಗೇಣಿ ಭೂಮಿ ಹೋಯಿತು, ಕಸುಬು ಹೋಯಿತು. ಅವರು ತಿನ್ನುವುದಾದರೂ ಏನನ್ನು? ಮಿಷನ್ ಮಗ್ಗ ಹಾಕಿತು, ಅಚ್ಚುಕೂಟ ತೆರೆಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಇವತ್ತಿಗೂ ಹಳೆಯ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹೆಂಚಿನ ಮೂಲ ಇದು. ಬೀದಿಗೆ ಬಿದ್ದವರನ್ನು ಎತ್ತಿದ ಕೆಲಸ, ಸರಿ. ಆದರೆ ಕಾರ್ಖಾನೆ ಒಮ್ಮೆ ನಿಂತ ಮೇಲೆ, ಬಾಗಿಲಿಗೆ ಬಂದವನು ಯೇಸುವಿಗಾಗಿ ಬಂದನೋ ಕೂಲಿಗಾಗಿ ಬಂದನೋ ಅಂತ ಯಾರು ಹೇಳಬೇಕು? ಬಹುಶಃ ಬಂದವನಿಗೇ ಗೊತ್ತಿರಲಿಕ್ಕಿಲ್ಲ.

ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ನನಗೆ ಜಾಸ್ತಿ ಇಷ್ಟ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು, ಕನ್ನಡದ ಮೊದಲ ಪತ್ರಿಕೆ. ಆಮೇಲೆ ಈ ಮನುಷ್ಯ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸುತ್ತಾರೆ! ಸುವಾರ್ತೆ ಸಾರಲು ಬಂದವರಿಗೆ ಬಸವಪುರಾಣ ಯಾಕೆ ಬೇಕಿತ್ತು? ಇಲ್ಲಿನ ಜನರ ಜೊತೆ ಮಾತಾಡಬೇಕಾದರೆ ಮೊದಲು ಅವರು ಹಾಡುವುದನ್ನು ಕೇಳಬೇಕು ಅಂತ ಅನ್ನಿಸಿರಬೇಕು. ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಬಾಳಿನ ಬಹುಪಾಲು ಕನ್ನಡ ಪದಗಳಿಗೇ ಕೊಟ್ಟರು, 1894ರಲ್ಲಿ ನಿಘಂಟು ಬಂತು. ಅವರು ಎಷ್ಟು ಜನರಿಗೆ ದೀಕ್ಷಾಸ್ನಾನ ಮಾಡಿಸಿದರು ಅಂತ ಕೇಳುವವರು ಇದ್ದಾರೆ. ನಾನಂತೂ ಲೆಕ್ಕ ಇಟ್ಟಿಲ್ಲ.

ಕಾನೂನಿನ ಮಾತು ಎತ್ತುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಂತೂ ಆಮಿಷದ ಪಟ್ಟಿಯನ್ನು ಎಷ್ಟು ಉದ್ದ ಮಾಡಿತು ಅಂದರೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ ಎಲ್ಲ ಅದರೊಳಗೆ ಬಂತು. ಆ ಕಾಯ್ದೆ ನನಗೆ ಹಿಡಿಸಿಲ್ಲ, ಒಂದು ತಟ್ಟೆ ಗಂಜಿಯನ್ನೂ ಅನುಮಾನದಿಂದ ನೋಡುವ ಹಾಗೆ ಮಾಡುತ್ತದೆ. ಆದರೆ ನಾನು ಕರಪತ್ರ ಬಿಟ್ಟದ್ದು ಪೊಲೀಸರ ಹೆದರಿಕೆಯಿಂದ ಅಲ್ಲ, ಆ ಹಾವೇರಿ ಹುಡುಗನಿಂದ.

ಹಾಗಾದರೆ ಹೇಳುವುದು ಯಾವಾಗ? ಪೇತ್ರನ ಮೊದಲ ಪತ್ರದಲ್ಲಿ ಒಂದು ಮಾತು ಇದೆ. ನಿಮ್ಮ ನಿರೀಕ್ಷೆಗೆ ಕಾರಣ ಏನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸೌಮ್ಯವಾಗಿ, ಮರ್ಯಾದೆಯಿಂದ ಹೇಳಿ ಅಂತ. ಯಾರಾದರೂ ಕೇಳಬೇಕಾದರೆ ಅವರಿಗೆ ಕೇಳಬೇಕು ಅನ್ನಿಸುವಂಥದ್ದು ನಮ್ಮಲ್ಲಿ ಏನಾದರೂ ಇರಬೇಕಲ್ಲ, ಕಷ್ಟ ಇರುವುದು ಅಲ್ಲೇ.

ಹೋದ ಮಳೆಗಾಲದಲ್ಲಿ ಕೊಪ್ಪಳ ಕಡೆಯ ಒಬ್ಬರು ಅಜ್ಜಿ ಕೇಳಿದರು. ಮಗ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ನಮ್ಮ ಕುಚ್ಚಲಕ್ಕಿ ಗಂಜಿಯನ್ನು ಲೋಟದಲ್ಲಿ ಅಲ್ಲಾಡಿಸಿ, "ಇದೇನ್ರೀ, ಅನ್ನ ಬಸಿಯೋದು ಮರೆತೀರೇನು?" ಅಂದರು. ನಾಲ್ಕನೇ ಶನಿವಾರ ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟು ಹಿಡಿದರು. ಬೇಡ ಅಂದೆ. "ಹಂಗಾರ ಯಾಕ ಕೊಡ್ತೀರಿ? ಯಾರ ಹೇಳ್ಯಾರ?" ಪಕ್ಕದಲ್ಲಿ ಕೂತು ಹೇಳಿದೆ, ಯೇಸುವಿನ ಬಗ್ಗೆ, ನನ್ನ ಭಾಷೆಯಲ್ಲಿ, ಐದು ನಿಮಿಷ. ಪೂರ್ತಿ ಕೇಳಿದರು. "ನಮ್ಮ ಹುಲಿಗೆಮ್ಮಗೂ ಹರಕಿ ಹೊತ್ತೀನಿ. ನಿಮ್ಮ ದೇವ್ರಿಗೂ ಒಂದು ಮಾತ ಹೇಳ್ರಿ, ಮಗನ ಕಾಲು ಉಳೀಲಿ" ಅಂದರು. ಅಲ್ಲೇ ಕೂತು ಪ್ರಾರ್ಥನೆ ಮಾಡಿದೆ. ಅಜ್ಜಿಯೂ ಕೈ ಮುಗಿದು ಕಣ್ಣು ಮುಚ್ಚಿದ್ದರು.

ಆಮೆನ್ ಅಂದು ಏಳುವಾಗ ನನ್ನ ಕೈ ಹಿಡಿದು ನಿಲ್ಲಿಸಿದರು. "ಮುಂದಿನ ವಾರ ಚಟ್ನಿಗೆ ಇನ್ನೊಂದೀಟು ಖಾರ ಹಾಕ್ರಿ."