ಡೊರೊತಿ ಗಿಬ್ಸನ್ ನಟಿಸಿದ, ಈಗ ಸಿಗದ ಟೈಟಾನಿಕ್ ಚಿತ್ರ

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಹಡಗು ಮುಳುಗುವ ಮುನ್ನ ಎಲ್ಲಕ್ಕಿಂತ ಮೊದಲು ನೀರಿಗಿಳಿದ ಏಳನೆಯ ಸಂಖ್ಯೆಯ ದೋಣಿಯಲ್ಲಿ ಡೊರೊತಿ ಗಿಬ್ಸನ್ ಎಂಬ ಅಮೆರಿಕದ ಚಿತ್ರನಟಿ ತನ್ನ ತಾಯಿಯೊಂದಿಗೆ ಕುಳಿತಿದ್ದಳು. ಸುಮಾರು ಒಂದು ತಿಂಗಳಲ್ಲಿ, ಅಂದರೆ ಮೇ ಮಧ್ಯಭಾಗದಲ್ಲಿ, ಅದೇ ದುರಂತವನ್ನು ಕುರಿತು ಆಕೆಯೇ ನಾಯಕಿಯಾಗಿ ನಟಿಸಿದ ‘ಸೇವ್ಡ್ ಫ್ರಮ್ ದಿ ಟೈಟಾನಿಕ್’ ಎಂಬ ಮೂಕಿಚಿತ್ರ ತೆರೆಗೆ ಬಂದಿತ್ತು. ನ್ಯೂ ಜೆರ್ಸಿಯ ಫೋರ್ಟ್ ಲೀಯಲ್ಲಿದ್ದ, ಎಕ್ಲೇರ್ ಎಂಬ ಫ್ರೆಂಚ್ ಚಿತ್ರಕಂಪನಿಯ ಅಮೆರಿಕನ್ ಶಾಖೆ ತಯಾರಿಸಿದ, ಎತಿಯೆನ್ ಆರ್ನೋ ನಿರ್ದೇಶಿಸಿದ ಈ ಚಿತ್ರ ಒಂದೇ ರೀಲಿನದು, ಅಂದರೆ ಸುಮಾರು ಹತ್ತು ನಿಮಿಷದ್ದು.

ಅಂದಿನ ಸಿನಿಮಾ ಪತ್ರಿಕೆಗಳಲ್ಲಿ ಅಚ್ಚಾದ ಕಥಾಸಾರವನ್ನು ಓದಿದರೆ ಕಥೆಯಲ್ಲಿ ಹೆಚ್ಚಿನ ಹುರುಳಿಲ್ಲವೆಂದೇ ಅನ್ನಿಸುತ್ತದೆ. ನೌಕಾಪಡೆಯ ಯುವಕನೊಡನೆ ಮದುವೆ ನಿಶ್ಚಯವಾಗಿರುವ ಹುಡುಗಿ ಮನೆಗೆ ಮರಳಿ ನಡೆದುದನ್ನು ವಿವರಿಸುತ್ತಾಳೆ. ಬೆದರಿದ ತಾಯಿ, ಒಂದೋ ಸಮುದ್ರದ ಕೆಲಸವನ್ನು ಬಿಡಬೇಕು, ಇಲ್ಲವೇ ಮಗಳನ್ನು ಮರೆಯಬೇಕು ಎಂದು ಹಟ ಹಿಡಿಯುತ್ತಾಳೆ. ಕರ್ತವ್ಯಕ್ಕೆ ಬೆನ್ನು ತೋರದ ಹುಡುಗನನ್ನು ಮೆಚ್ಚಿ ತಂದೆ ಮದುವೆಗೆ ಒಪ್ಪುತ್ತಾನೆ. ಆದರೆ ಹಡಗಿನಿಂದ ಇಳಿದ ರಾತ್ರಿ ತೊಟ್ಟಿದ್ದ ಉಡುಪಿನಲ್ಲಿಯೇ ಗಿಬ್ಸನ್ ಕ್ಯಾಮೆರಾದ ಎದುರು ನಿಂತಿದ್ದಳು ಎಂಬ ಒಂದು ಸಂಗತಿಯಿಂದ ಈ ಸಾಮಾನ್ಯ ಕಥೆಗೆ ಬೇರೆಯೇ ತೂಕ ಬರುತ್ತದೆ. ದುರಂತವನ್ನು ಹಣವಾಗಿಸಿಕೊಳ್ಳುವ ಈ ಅವಸರ ಅಂದಿನ ಕೆಲವರಿಗೆ ಅಸಹ್ಯವೆನಿಸಿತ್ತು, ಅದು ಅನ್ಯಾಯದ ಮಾತಲ್ಲ. ಆದರೂ ನೆನಪು ಇನ್ನೂ ಹಸಿಯಾಗಿದ್ದಾಗ ಆಕೆಯ ಮುಖದಲ್ಲಿ ಏನು ಮೂಡಿತ್ತು ಎಂಬುದನ್ನು ಯಾವ ಕಥಾಸಾರವೂ ನಮಗೆ ತಿಳಿಸಲಾರದು.

1914ರ ಮಾರ್ಚ್‌ನಲ್ಲಿ ಫೋರ್ಟ್ ಲೀಯ ಸ್ಟುಡಿಯೋಗೆ ಬೆಂಕಿ ಬಿದ್ದು ಕಂಪನಿಯ ಚಿತ್ರಗಳು ಸುಟ್ಟುಹೋದವು. ಇದೂ ಅವುಗಳೊಂದಿಗೆ ಹೋಯಿತೆಂದು ಬರೆಯುವುದು ರೂಢಿ. ಪುಣೆಯ ನಮ್ಮ ಕನ್ನಡ ಬಳಗದಲ್ಲಿಯೂ ಈ ಚಿತ್ರದ ಮಾತೆತ್ತಿದಾಗ ಧಾರವಾಡದ ಹಿರಿಯರೊಬ್ಬರು ಮೊದಲು ಕೇಳಿದ್ದು “ಬೆಂಕಿ ಬಿದ್ದಿತ್ತೇನ್ರೀ?” ಎಂದೇ. ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ 2003ರ ಜನವರಿಯಲ್ಲಿ ನೈಟ್ರೇಟ್ ಎಂಬ, ಬೇಗ ಬೆಂಕಿ ಹಿಡಿಯುವ ಹಳೆಯ ಬಗೆಯ ಫಿಲ್ಮಿನ ರೀಲುಗಳು ಹೊತ್ತಿ ಉರಿದದ್ದನ್ನು ಬಲ್ಲ ಊರಿನಲ್ಲಿ ಈ ಪ್ರಶ್ನೆ ಸಹಜ. ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ.

ಆದರೆ ಬೆಂಕಿಯೊಂದನ್ನೇ ದೂರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಸ್ಟುಡಿಯೋ ಸುಡುವ ಹೊತ್ತಿಗೆ ಈ ಚಿತ್ರದ ಪ್ರತಿಗಳು ಊರೂರು ಸುತ್ತಿ ಬಂದಿದ್ದವು, ಯುರೋಪಿಗೂ ಹೋಗಿದ್ದವು. ಒಂದು ರೀಲಿನ ಚಿತ್ರವೆಂದರೆ ಅಂದಿನ ವ್ಯಾಪಾರಿಗಳಿಗೆ ನಿನ್ನೆಯ ದಿನಪತ್ರಿಕೆಯಿದ್ದಂತೆ. ಫಿಲ್ಮಿನ ಅಂಚಿನ ತೂತುಗಳು ಹರಿದು, ಗೀಚು ಬಿದ್ದು ಓಡದಂತಾಗುವವರೆಗೆ ಓಡಿಸಿ, ಆಮೇಲೆ ಎಸೆಯುವುದು ಅಥವಾ ಅದರ ಲೇಪದಲ್ಲಿದ್ದ ಬೆಳ್ಳಿ ತೆಗೆಯಲು ಕೊಡುವುದು ವಾಡಿಕೆಯಾಗಿತ್ತು. ಅಮೆರಿಕದ ಮೂಕಿಯುಗದ ಪೂರ್ಣಪ್ರಮಾಣದ ಚಿತ್ರಗಳಲ್ಲಿ ಶೇಕಡ 70ರಷ್ಟು ಸಂಪೂರ್ಣವಾಗಿ ಕಳೆದುಹೋಗಿವೆ ಎಂದು 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಕಟಿಸಿದ ವರದಿ ಹೇಳುತ್ತದೆ. ನಮ್ಮ ಕಥೆಯೂ ಬೇರೆಯಲ್ಲ: ಇಲ್ಲಿಂದ ಕೆಲವೇ ಗಂಟೆಗಳ ದಾರಿಯಾದ ಕೊಲ್ಹಾಪುರದಲ್ಲಿ ಚಿತ್ರೀಕರಿಸಿ 1934ರಲ್ಲಿ ಬಿಡುಗಡೆ ಮಾಡಿದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೂ ಇಂದು ಸಿಗುವುದಿಲ್ಲ.

ಗಿಬ್ಸನ್ ಈ ಚಿತ್ರದ ನಂತರ ನಟನೆಯನ್ನು ಬಿಟ್ಟಳು. ಚಿತ್ರದ್ದೆಂದು ಉಳಿದಿರುವುದು ಪತ್ರಿಕೆಗಳಲ್ಲಿ ಅಚ್ಚಾದ ಕೆಲವು ಸ್ಥಿರಚಿತ್ರಗಳು ಮಾತ್ರ. ಹಾಗೆಂದು ಆಸೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ವಿತರಣೆಯ ಕೊನೆಯ ಊರಾಗಿದ್ದ ಕೆನಡಾದ ಡಾಸನ್ ಸಿಟಿಯಿಂದ ರೀಲುಗಳನ್ನು ವಾಪಸು ತರಿಸಿಕೊಳ್ಳುವ ಖರ್ಚು ಬೇಡವೆಂದು ಕಂಪನಿಗಳು ಕೈಬಿಟ್ಟಿದ್ದವು. ಅಲ್ಲಿ ಹೆಪ್ಪುಗಟ್ಟಿದ ಮಣ್ಣಿನಡಿ ಹೂತಿದ್ದ 500ಕ್ಕೂ ಹೆಚ್ಚು ರೀಲುಗಳು 1978ರಲ್ಲಿ ಹೊರಬಂದವು. ಗಿಬ್ಸನ್‌ಳ ಚಿತ್ರವನ್ನು ಹುಡುಕುವವರೂ ಫೋರ್ಟ್ ಲೀಗಿಂತ ಹೆಚ್ಚಾಗಿ ಅಂಥ ಕೊನೆಯ ಊರುಗಳತ್ತ, ಯುರೋಪಿನ ಹಳೆಯ ಸಂಗ್ರಹಗಳತ್ತ ನೋಡಬೇಕೆಂಬುದು ನನ್ನ ಅಭಿಪ್ರಾಯ.