ಹೊಟ್ಟೆಯಲ್ಲಿ ಹುಟ್ಟದ ಗಿಡ

ಎರಡನೇ ಕ್ಲಾಸಿನಲ್ಲಿದ್ದಾಗ ನಾನೊಂದು ಹಣ್ಣಿನ ಬೀಜ ನುಂಗಿಬಿಟ್ಟೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗ, ಹೊಟ್ಟೆಯೊಳಗೆ ಗಿಡ ಹುಟ್ಟುತ್ತೆ ಅಂದ. ಕಿವಿಯಿಂದ ಎಲೆ ಹೊರಗೆ ಬರುತ್ತೆ ಅಂತಲೂ ಸೇರಿಸಿದ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಹೇಳುವುದಕ್ಕೆ ಭಯ. ಮೂರನೇ ದಿನ ನಮ್ಮ ಟೀಚರ್ ದೇಹದ ಪಾಠ ಶುರು ಮಾಡಿದರು. ಚಿಕ್ಕ ಮಕ್ಕಳಿಗೆ ದೇಹದ ಬಗ್ಗೆ ಕಲಿಸುವುದನ್ನು ಕುರಿತು ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಆ ದಿನ.

ಅವತ್ತು ಅವರು ಪುಸ್ತಕ ತೆರೆಯಲೇ ಇಲ್ಲ. ನೆಲದ ಮೇಲೆ ಉದ್ದನೆಯ ಕಂದು ಹಾಳೆ ಹಾಸಿದರು. "ಯಾರು ಮಲಗ್ತೀರಿ?" ಎಂದು ಕೇಳಿದರು. ಒಬ್ಬಳು ಓಡಿ ಬಂದು ಮಲಗಿದಳು. ಅವಳ ಸುತ್ತ ಗೆರೆ ಎಳೆದರು. ಅವಳು ಎದ್ದ ಮೇಲೆ ಹಾಳೆಯಲ್ಲಿ ಒಂದು ಖಾಲಿ ದೇಹ ಉಳಿಯಿತು. "ಇದರೊಳಗೆ ಏನೇನಿದೆ? ಯಾರನ್ನೂ ಕೇಳಬೇಡಿ. ನಿಮಗೆ ಅನ್ನಿಸಿದ್ದನ್ನು ಬಿಡಿಸಿ" ಎಂದರು.

ಸುತ್ತ ಮೊಣಕಾಲೂರಿ ಕೂತು ಬಿಡಿಸಿದೆವು. ಹೃದಯ ಶುಭಾಶಯ ಪತ್ರದಲ್ಲಿ ಇರುವ ಹಾಗೆ ಬಂತು. ಮೂಳೆಗಳು ಒಂದಕ್ಕೊಂದು ತಾಕದ ಕಡ್ಡಿಗಳ ಹಾಗೆ ಚೆಲ್ಲಾಡಿದ್ದವು. ಒಬ್ಬ ಕಾಲುಗಳ ತುಂಬ ಕೆಂಪು ಬಳಿದ, ರಕ್ತವನ್ನು ಚೀಲದಲ್ಲಿ ತುಂಬಿಟ್ಟ ಹಾಗೆ. ಬಾಯಿಂದ ಹೊಟ್ಟೆಗೆ ಒಂದು ಕೊಳವೆ ಇತ್ತು, ಅದು ಅಲ್ಲಿಗೇ ನಿಂತಿತ್ತು. ಆ ಹೊಟ್ಟೆಯಲ್ಲಿ ನಾನು ಎರಡು ಎಲೆಯ ಸಣ್ಣ ಗಿಡ ಬಿಡಿಸಿದೆ.

ಟೀಚರ್ ನಗಲಿಲ್ಲ. ಏನನ್ನೂ ಅಳಿಸಲಿಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿದರು. ಆಮೇಲೆ ನನ್ನ ಹತ್ತಿರ ಕೂತು, "ಈ ಗಿಡ ಹೇಗೆ ಬಂತು?" ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಅಳು ಬಂತು. "ನಾಳೆ ಎಲ್ಲರೂ ಸೇರಿ ನೋಡೋಣ" ಎಂದರು.

ಮರುದಿನ ಬೆರಳಿನ ಕಡೆ ಕತ್ತರಿಸಿದ ಒಂದು ಉದ್ದ ಕಾಲುಚೀಲ ತಂದರು. ಅದರೊಳಗೆ ಒಂದು ಗೋಲಿ ಹಾಕಿದರು. ಗೋಲಿಯ ಹಿಂದೆ ಹಿಂಡಿದರೆ ಅದು ಮುಂದೆ ಸರಿಯುತ್ತಿತ್ತು. ಒಬ್ಬೊಬ್ಬರೂ ಹಿಂಡಿದೆವು. "ಅನ್ನನಾಳ, ಕರುಳು ಎಲ್ಲ ಹೀಗೇ ತಳ್ಳುತ್ತವೆ. ಅದಕ್ಕೇ ತಲೆಕೆಳಗಾಗಿ ಇದ್ದರೂ ನುಂಗಿದ್ದು ಹೊಟ್ಟೆಗೇ ಹೋಗುತ್ತೆ" ಎಂದರು. ಆಮೇಲೆ 6 ಮೀಟರ್ ಹಗ್ಗ ಬಿಚ್ಚಿದರು. ದೊಡ್ಡವರ ಸಣ್ಣ ಕರುಳು ಹೆಚ್ಚುಕಡಿಮೆ ಅಷ್ಟು ಉದ್ದ. ಹಗ್ಗ ಬಾಗಿಲು ದಾಟಿ ಹೊರಗೆ ಹೋಯಿತು! ಅದನ್ನು ನಮ್ಮ ಹೊಟ್ಟೆಯಷ್ಟೇ ದೊಡ್ಡ ಚೀಲಕ್ಕೆ ತುಂಬಲು ಹೇಳಿದರು. ಸುತ್ತಿ ಸುತ್ತಿ ಇಟ್ಟಾಗ ಮಾತ್ರ ಹಿಡಿಸಿತು. ಕರುಳು ಯಾಕೆ ಸುರುಳಿ ಸುತ್ತಿಕೊಂಡಿದೆ ಅಂತ ನಮಗೆ ಯಾರೂ ಹೇಳಬೇಕಾಗಲಿಲ್ಲ.

ಕೊನೆಗೆ ಗೋಲಿ ಕಾಲುಚೀಲದ ಇನ್ನೊಂದು ತುದಿಯಿಂದ ಟಪ್ ಎಂದು ಬಿತ್ತು. "ನುಂಗಿದ ಬೀಜವೂ ಹೀಗೇ. ಹೊಟ್ಟೆಯಲ್ಲಿ ಹುಳಿ ರಸ ಇದೆ. ಅಲ್ಲಿ ಗಿಡ ಬೆಳೆಯೋದಿಲ್ಲ. ಸಣ್ಣ ಬೀಜ ಅಲ್ಲಿ ನಿಲ್ಲೋದೂ ಇಲ್ಲ, ಕೆಲವು ದಿನದಲ್ಲಿ ಮಲದ ಜೊತೆ ಹೊರಗೆ ಹೋಗುತ್ತೆ." ಇದನ್ನು ಇಡೀ ಕ್ಲಾಸಿಗೆ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಅವತ್ತು ರಾತ್ರಿ ನಾನು ಎಷ್ಟು ಚೆನ್ನಾಗಿ ಮಲಗಿದೆ!

ಈಗ ನಾನೂ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಗುವಿನ ತಲೆಯಲ್ಲಿ ಆಗಲೇ ಒಂದು ಚಿತ್ರ ಇರುತ್ತದೆ. ಅದನ್ನು ನೋಡದೆ ಪಾಠ ಮಾಡಿದರೆ ಪರೀಕ್ಷೆಯಲ್ಲಿ "ಜಠರ" ಅಂತ ಸರಿಯಾಗಿ ಬರೆಯುತ್ತದೆ, ರಾತ್ರಿ ಮಾತ್ರ ಗಿಡದ ಭಯ ಹಾಗೇ ಇರುತ್ತದೆ. ಕಂದು ಹಾಳೆಯ ಬೆಲೆ ನನಗೆ ತಿಳಿದದ್ದು ನಾನೇ ಟೀಚರ್ ಆದ ಮೇಲೆ.

ನಮ್ಮ ಟೀಚರ್ ಹೃದಯದ ಪಾಠ ಮಾಡಿದ ದಿನ ನಮ್ಮೆಲ್ಲರ ಕೈಗೂ ಒಂದೊಂದು ದಪ್ಪ ಕಾಗದ ಬಂತು. 1816ರಲ್ಲಿ ಫ್ರಾನ್ಸಿನ ಡಾಕ್ಟರ್ ಲೆನೆಕ್ ಕಾಗದ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರಂತೆ, ಸ್ಟೆತಸ್ಕೋಪು ಹುಟ್ಟಿದ್ದು ಹಾಗೆ. ನಾವೂ ಸುತ್ತಿದೆವು. ಗೆಳೆಯನ ಎದೆಗಿಟ್ಟು ಕಿವಿ ಕೊಟ್ಟೆ. ಹೆದರಿದಾಗ ಎದೆ ಡವಡವ ಅನ್ನುತ್ತೆ ಅಂತೀವಲ್ವಾ, ಅದು ಸುಮ್ನೆ ಕೂತವನ ಎದೆಯಲ್ಲೂ ಇತ್ತು! "ಅದು ಬಾಗಿಲು ಮುಚ್ಚುವ ಸದ್ದು. ಹೃದಯದಲ್ಲಿ ನಾಲ್ಕು ಬಾಗಿಲು. ರಕ್ತ ಹಿಂದಕ್ಕೆ ಬರದ ಹಾಗೆ ಎರಡು ಒಟ್ಟಿಗೆ ಮುಚ್ಚುತ್ತವೆ, ಆಮೇಲೆ ಇನ್ನೆರಡು" ಎಂದರು ಟೀಚರ್. ಕುಣಿದು ಬಂದು ಮತ್ತೆ ಕೇಳಿದೆವು. ಬಾಗಿಲುಗಳು ಬೇಗ ಬೇಗ ಮುಚ್ಚುತ್ತಿದ್ದವು. ಎಲ್ಲರೂ ಓಡಿಹೋಗಿ ಗೋಡೆಯ ಹಾಳೆಯಲ್ಲಿ ಹೃದಯವನ್ನು ಮುಷ್ಟಿಯ ಅಳತೆಗೆ ತಿದ್ದಿ, ಎಡತುದಿಯಿಂದ ಎದೆಯ ನಡುವಿಗೆ ತಂದೆವು.

ಮೂಳೆಗಳ ಲೆಕ್ಕ ಹೇಳಿದಾಗ ಒಬ್ಬಳು ಗಾಬರಿಯಾದಳು. ಹುಟ್ಟಿದಾಗ ಸುಮಾರು 300, ದೊಡ್ಡವರಾದಾಗ 206. ಉಳಿದವು ಎಲ್ಲಿ ಬಿದ್ದುಹೋದವು? ಒಂದಕ್ಕೊಂದು ಕೂಡಿಕೊಂಡವು ಎಂದು ಹೇಳಿದ ಮೇಲೇ ಅವಳಿಗೆ ಸಮಾಧಾನ.

ನಾಲಿಗೆಯ ಪಾಠ ಮರೆಯಲಾರೆ. ನಮ್ಮ ಚಿತ್ರಪಟದಲ್ಲಿ ನಾಲಿಗೆಯನ್ನು ಭಾಗ ಮಾಡಿ ಸಿಹಿ ಮುಂದೆ, ಕಹಿ ಹಿಂದೆ ಅಂತ ಬರೆದಿತ್ತು. ಟೀಚರ್ ಸಕ್ಕರೆ ನೀರು, ಉಪ್ಪು ನೀರು, ಹತ್ತಿ ತಂದರು. ತುದಿ, ಬದಿ, ಹಿಂದೆ, ಎಲ್ಲ ಕಡೆ ಮುಟ್ಟಿಸಿ ನೋಡಿದೆವು. ಎಲ್ಲ ಕಡೆಯೂ ಸಿಹಿ ಗೊತ್ತಾಯಿತು, ಉಪ್ಪೂ ಗೊತ್ತಾಯಿತು. "ಹಾಗಾದ್ರೆ ಚಿತ್ರ ತಪ್ಪು" ಎಂದು ಅವರೇ ಅದನ್ನು ಕೆಳಗಿಳಿಸಿದರು. ಅಚ್ಚಾದದ್ದೂ ತಪ್ಪಿರಬಹುದು ಅಂತ ಏಳು ವರ್ಷಕ್ಕೇ ತಿಳಿಯಿತು. ಆ ನಕ್ಷೆ ಈಗಲೂ ಕೆಲವು ಕಡೆ ಕಣ್ಣಿಗೆ ಬೀಳುತ್ತದೆ. ನೋಡಿದರೆ ಬೇಜಾರಾಗುತ್ತದೆ. ಒಂದು ಚಮಚ ಉಪ್ಪು ನೀರು ಸಾಕಲ್ಲ, ಪರೀಕ್ಷಿಸಲು.

ಇನ್ನೊಂದು ದಿನ ಹಾಳೆಯ ಮೇಲೆ ಗುಪ್ತಾಂಗಗಳ ಹೆಸರು ಬರೆದರು. ಕ್ಲಾಸು ಕಿಸಕ್ಕೆಂದಿತು. ಅವರ ದನಿ ಬದಲಾಗಲಿಲ್ಲ. "ಮೂಗು, ಮೊಣಕೈ ಇದ್ದ ಹಾಗೆ ಇವೂ ದೇಹದ ಭಾಗ. ಅಲ್ಲಿ ನೋವಾದ್ರೆ, ಯಾರಾದ್ರೂ ಮುಟ್ಟಬಾರದ ಹಾಗೆ ಮುಟ್ಟಿದ್ರೆ, ನಂಬಿಕೆಯ ದೊಡ್ಡವರಿಗೆ ಹೇಳಬೇಕು. ಹೇಳೋಕೆ ಹೆಸರು ಗೊತ್ತಿರಬೇಕಲ್ವಾ?" ನಗು ನಿಂತಿತು. ಆ ವರ್ಷದ ಅತಿ ಮುಖ್ಯ ಪಾಠ ಅದೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ.

ವರ್ಷದ ಕೊನೆಗೆ ಇನ್ನೊಂದು ಹಾಳೆ ಹಾಸಿದರು. ಹೊಸದಾಗಿ ಬಿಡಿಸಿ ಹಳೆಯದರ ಪಕ್ಕದಲ್ಲೇ ಅಂಟಿಸಿದೆವು. ಕೊಳವೆ ಈ ಸಲ ಕೆಳಗಿನವರೆಗೂ ಹೋಯಿತು. ಹಳೆಯ ಹಾಳೆಯಿಂದ ನನ್ನ ಗಿಡವನ್ನು ಕತ್ತರಿಸಿ ಟೀಚರ್ ನನಗೇ ಕೊಟ್ಟರು. ಅದು ಇವತ್ತಿಗೂ ನನ್ನ ಹತ್ತಿರ ಇದೆ.

ಹೋದ ತಿಂಗಳು ನನ್ನ ಕ್ಲಾಸಿನಲ್ಲಿ ಹಾಳೆ ಹಾಸಿದೆ. ಒಬ್ಬ ಹುಡುಗ ಹೊಟ್ಟೆಯಲ್ಲಿ ಚೂಯಿಂಗ್ ಗಮ್ ಬಿಡಿಸಿ, ಪಕ್ಕದಲ್ಲಿ "7 ವರ್ಷ ಇರುತ್ತೆ" ಎಂದು ಬರೆದ. ಬರೆದು ನನ್ನ ಮುಖ ನೋಡಿದ. ಮರುದಿನ ನಾನು ಕಾಲುಚೀಲ, ಗೋಲಿ ತೆಗೆದುಕೊಂಡು ಹೋದೆ.