ಅಲ್ಲಾಡದ ನೀರು

16 ನವೆಂಬರ್ 2024, ಶನಿವಾರ, ರಾತ್ರಿ 10:40

ಕೈಗೆ ಇನ್ನೂ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ. ಬೇರೆ ದಿನ ಇದು ನನಗೆ ಇಷ್ಟದ ವಾಸನೆ. ಇವತ್ತು ಮಾತ್ರ ಮೂಗಿಗೆ ಬಂದಾಗಲೆಲ್ಲ ಎದೆ ಧಸಕ್ಕೆನ್ನುತ್ತಿದೆ.

ಏನೂ ಆಗಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಮ್ಮ ಇದನ್ನು ಓದಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡುತ್ತಾಳೆ.

ಇವರು ಅಡಿಕೆ ಕೊಯ್ಯುವ ಕೊನೆಗಾರನ ಜೊತೆ ತೋಟಕ್ಕೆ ಹೋಗಿದ್ದರು. ನಾನು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಹುಲ್ಲಿನ ಎಣ್ಣೆ ತೆಗೆಯುತ್ತಿದ್ದೆ. ಡ್ರಮ್ಮಿನಲ್ಲಿ ನಿನ್ನೆ ಕೊಯ್ದು ಬಾಡಿಸಿದ 60 ಕೆಜಿ ಹುಲ್ಲು. ಅದಕ್ಕೆ ಹಬೆ ಕೊಡುವ ಬಾಯ್ಲರಿಗೆ 40 ಲೀಟರ್ ನೀರು. ಅಳೆದೇ ಹಾಕಿದ್ದೆ. ಹೊತ್ತಿಸಿದ್ದು ಹತ್ತಕ್ಕೆ. ಹನ್ನೊಂದಕ್ಕೆಲ್ಲ ಹಬೆ ತಣಿಸುವ ಕಂಡೆನ್ಸರಿನ ತುದಿಯಿಂದ ಸಣ್ಣ ಧಾರೆ ಶುರುವಾಯಿತು. ನೀರಿನ ಮೇಲೆ ಹಳದಿ ಎಣ್ಣೆ ತೇಲುವುದನ್ನು ನೋಡುತ್ತಾ ಕೂತರೆ ನನಗೆ ಊಟದ ನೆನಪೂ ಆಗುವುದಿಲ್ಲ. ಅತ್ತೆ ಇದಕ್ಕೆ "ಅವಳ ಟಿವಿ" ಅನ್ನುತ್ತಾರೆ.

ನಡುನಡುವೆ ಬಾಯ್ಲರಿನ ಗಾಜಿನ ಕೊಳವೆ ನೋಡುತ್ತಿದ್ದೆ. ಮೇಲಿನ ನಲ್ಲಿ ಹಬೆಗೆ, ಕೆಳಗಿನದು ನೀರಿಗೆ. ಒಳಗೆ ಎಷ್ಟಿದೆಯೋ ಗಾಜಿನಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲಬೇಕು. ಹನ್ನೆರಡಕ್ಕೆ ನೋಡಿದೆ, ಮುಕ್ಕಾಲು. ಒಂದಕ್ಕೆ ನೋಡಿದೆ, ಮುಕ್ಕಾಲಿಗಿಂತ ಒಂದು ಬೆರಳು ಜಾಸ್ತಿಯೇ ಇತ್ತು. ಕುದಿಯುವಾಗ ನೀರು ಉಬ್ಬುತ್ತದೆ ಅಲ್ವಾ, ಅದಿರಬೇಕು ಅಂದುಕೊಂಡೆ. ಸೌದೆ ಒಣಗಿದೆ, ಡ್ರಮ್ಮಿನ ಮುಚ್ಚಳಕ್ಕೆ ಗೋಧಿ ಹಿಟ್ಟು ಮೆತ್ತಿದ್ದು ಚೆನ್ನಾಗಿ ಹಿಡಿದಿದೆ, ಹಬೆ ದಂಡವಾಗುತ್ತಿಲ್ಲ, ಅದಕ್ಕೇ ನೀರು ಕಮ್ಮಿ ಖರ್ಚು. ಹೀಗೆ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೂ ಆಯಿತು.

ಒಂದೂವರೆಗೆ ಕೆಳಮನೆ ಶೆಟ್ಟರು ಗೋಣಿಚೀಲ ಕೇಳಲು ಬಂದರು. ಕರಾವಳಿಯ ಕುಚ್ಚಲಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕಿಯೇ ಮುದುಕರಾದವರು, ನಿಮಗೆ ಗೊತ್ತಲ್ಲ. ಕಟ್ಟೆ ಮೇಲೆ ಕೂತು ಕವಳ ಹಾಕಿದರು. ಅಡಿಕೆ ರೇಟು, ಮಗಳ ಮನೆ ನಾಯಿ, ಮಂಡಿನೋವು. ಮಾತಾಡುತ್ತಾ ಇದ್ದವರು ನಡುವೆ ನಿಲ್ಲಿಸಿದರು.

"ತಂಗೀ, ಗಾಜಿನಲ್ಲಿ ನೀರು ಯಾಕೆ ಕುಣೀತಾ ಇಲ್ಲ?"

"ಕುಣಿಯೋದಾ?"

"ಒಳಗೆ ಕೊತಕೊತ ಕುದೀತಾ ಉಂಟು. ಗಾಜಿನ ನೀರು ಒಂದು ನೂಲಾದರೂ ಮೇಲೆ ಕೆಳಗೆ ಆಡಬೇಕಲ್ಲ. ಇದು ಫೋಟೋದ ಹಾಗೆ ನಿಂತಿದೆ."

ನಾನು ನಗಬೇಕು ಅಂತಿದ್ದೆ. ಅವರು ಕವಳ ಉಗಿದು ಎದ್ದು ನಿಂತರು. "ಹೊರಗೆ ಎಷ್ಟು ನೀರು ಬಂತು?"

ಆಗ ಬಕೆಟ್ ನೆನಪಾಯಿತು. ಎಣ್ಣೆ ಬೇರೆಯಾದ ಮೇಲೆ ಉಳಿಯುವ ಹುಲ್ಲಿನ ನೀರನ್ನು ಅತ್ತೆ ನೆಲ ಒರೆಸಲು ಒಯ್ಯುತ್ತಾರೆ, ಸೊಳ್ಳೆ ಕಮ್ಮಿಯಾಗುತ್ತದೆ ಅಂತ. 8 ಲೀಟರಿನ ಬಕೆಟ್. ಎರಡು ಒಯ್ದಾಗಿತ್ತು, ಮೂರನೆಯದು ತುಂಬಿತ್ತು. ಅಂದರೆ 24 ಲೀಟರ್ ಹೊರಗೆ ಬಂದಿದೆ. ತಣ್ಣಗಿನ ಹುಲ್ಲು ಕಾಯುವಾಗ ಅದಕ್ಕೇ ಐದಾರು ಲೀಟರ್ ಹಬೆ ನೀರಾಗಿ ಅಂಟಿಕೊಳ್ಳುತ್ತದೆ, ಅದು ಬಕೆಟ್ಟಿಗೆ ಬರುವುದೇ ಇಲ್ಲ. 40ರಲ್ಲಿ 30 ಹೋಗಿದೆ. ನಡುವೆ ನಾನು ಒಂದು ಚೊಂಬು ನೀರೂ ಹಾಕಿಲ್ಲ. ಗಾಜು ಮಾತ್ರ ಮುಕ್ಕಾಲು ಅನ್ನುತ್ತಿದೆ.

ಪಿಯುಸಿಯಲ್ಲಿ ಗಣಿತಕ್ಕೆ 94 ತೆಗೆದವಳು ನಾನು. ಇರಲಿ.

ಕೈ ತಾನಾಗಿ ಪಕ್ಕದ ಕೊಡದ ಕಡೆ ಹೋಯಿತು. ನೀರು ಕಮ್ಮಿ, ನೀರು ಹಾಕು. ಅಷ್ಟೇ ತಲೆಯಲ್ಲಿ. ಶೆಟ್ಟರು ಯಾವತ್ತೂ ದನಿ ಎತ್ತಿದವರಲ್ಲ.

"ನೀರು ಮುಟ್ಟಬೇಡ! ಬೆಂಕಿ ಎಳಿ ಮೊದಲು!"

ಇಬ್ಬರೂ ಸೇರಿ ಕೊಳ್ಳಿ ಎಳೆದು ಅಂಗಳಕ್ಕೆ ಹಾಕಿದೆವು. ಕೆಂಡದ ಮೇಲೆ ಅವರು ಒದ್ದೆ ಮಣ್ಣು ಎಳೆದರು. ಆಮೇಲೆ ಗಾಜಿನ ಅಡಿಯ ಸಣ್ಣ ನಲ್ಲಿ ಬಿಚ್ಚಿದರು. ಗಾಜಿನಲ್ಲಿದ್ದ ನೀರು ಪುಸಕ್ಕನೆ ಹೋಯಿತು. ಹಿಂದೆ ಬರೀ ಹಬೆ. ಮುಚ್ಚಿದರೆ ನೀರು ವಾಪಸ್ ಏರಬೇಕಲ್ಲ, ಏರಲೇ ಇಲ್ಲ.

"ಕೆಳಗಿನ ದಾರಿ ಕಟ್ಟಿದೆ. ಮೇಲಿಂದ ಬಂದ ಹಬೆ ಗಾಜಿನಲ್ಲೇ ತಣ್ಣಗಾಗಿ ನೀರಾಗಿ ಕೂತಿದೆ. ನೀನು ಇಷ್ಟು ಹೊತ್ತು ನೋಡಿದ್ದು ಬಾಯ್ಲರಿನ ನೀರಲ್ಲ, ಗಾಜಿನದ್ದೇ ನೀರು."

ಆರುವವರೆಗೂ ಇಬ್ಬರೂ ಕಟ್ಟೆ ಮೇಲೇ ಕೂತೆವು. ನೀರಿಲ್ಲದ ಕಬ್ಬಿಣ ಕೆಂಪಗೆ ಕಾದು ಮೆತ್ತಗಾಗಿರುತ್ತದೆ, ಅದರ ಮೇಲೆ ತಣ್ಣೀರು ಬಿದ್ದರೆ ಒಮ್ಮೆಲೇ ಹಬೆ ಅಂದರು. ಆಗ ತಾನೇ ಶಾಲೆಯಿಂದ ಬಂದ ಪುಟ್ಟಿ, ಎಷ್ಟು ಹಬೆ ಅಜ್ಜಾ ಅಂತ ಕೇಳಿದಳು. ಅದು ನನಗೆ ಗೊತ್ತಿತ್ತು. 1 ಲೀಟರ್ ನೀರು ಹಬೆಯಾದರೆ 1,600 ಲೀಟರಿಗೂ ಜಾಸ್ತಿ ಜಾಗ ಬೇಕು. ಹೇಳುವಾಗ ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಶೆಟ್ಟರು ಮಿಲ್ಲಿನ ಕಥೆ ಹೇಳಿದರು. ಅಲ್ಲಿ ಬಾಯ್ಲರಿಗೆ ಎರಡು ಗಾಜು, ಆ ಕಡೆ ಒಂದು ಈ ಕಡೆ ಒಂದು. ಪಾಳಿಗೆ ಬಂದವನು ಮೊದಲು ಎರಡರ ಅಡಿ ನಲ್ಲಿಯನ್ನೂ ಬಿಚ್ಚಿ ಬಿಡಬೇಕು. ನೀರು ಹೋಗಿ ಚಟ್ಟನೆ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ದಾರಿಯಲ್ಲಿ ಕಸ ಅಂತ ಅರ್ಥ. ಬೆಂಕಿಯ ನೇರಕ್ಕೆ ಒಂದು ಬಿರಡೆ ಇರುತ್ತದಂತೆ, ಒಳಗೆ ಬೇಗ ಕರಗುವ ಲೋಹ. ನೀರು ತೀರಾ ಇಳಿದರೆ ಅದು ಕರಗಿ ಹಬೆ ಬೆಂಕಿ ಮೇಲೇ ನುಗ್ಗುತ್ತದೆ.

"ನಿಮ್ಮ ಕೈಯಲ್ಲಿ ಯಾವತ್ತಾದ್ರೂ ಕರಗಿತ್ತಾ ಶೆಟ್ರೇ?"

ಅವರು ತುಂಬಾ ಹೊತ್ತು ಮಾತಾಡಲಿಲ್ಲ. "ಒಂದೇ ಸಲ. ಹೆಂಡತಿ ಹೆರಿಗೆಗೆ ಹೋಗಿದ್ದಳು. ರಾತ್ರಿ ಪಾಳಿ." ಅಷ್ಟೇ. ಮುಂದೆ ಕೇಳಲು ನನಗೂ ಆಗಲಿಲ್ಲ.

ನಮ್ಮದಕ್ಕೆ ಕರಗುವ ಬಿರಡೆಯೂ ಇಲ್ಲ, ಎರಡನೇ ಗಾಜೂ ಇಲ್ಲ. ಮಾಡಿಕೊಟ್ಟ ವೆಲ್ಡಿಂಗಿನವನನ್ನು ಅವತ್ತು ಕೇಳಿದ್ದೆ. "ಇದಕ್ಕೆಲ್ಲ ಕಾನೂನು ಬರಲ್ಲ ಮೇಡಂ" ಅಂದಿದ್ದ. ಅದು ನಿಜವೂ ಹೌದು. ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದನ್ನು ಮುಟ್ಟುವುದಿಲ್ಲ, ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡಕ್ಕಿಂತ ಕೆಳಗಿನದನ್ನೂ ಮುಟ್ಟುವುದಿಲ್ಲ. ನಮ್ಮ ಸೇಫ್ಟಿ ವಾಲ್ವು ಅರ್ಧ ಕೆಜಿಗೇ ಬಿಚ್ಚಿಕೊಳ್ಳುತ್ತದೆ. ಮನೆಯ ಕುಕ್ಕರಿನಲ್ಲೇ ಅದರ ಎರಡು ಪಟ್ಟು ಒತ್ತಡ ಇರುತ್ತದೆ. ಆದರೆ ಕುಕ್ಕರ್ ತಳ ಹಿಡಿದರೆ ವಾಸನೆ ಬರುತ್ತದೆ.

ಆರೂವರೆಗೆ ಪೂರ್ತಿ ತಣ್ಣಗಾಗಿತ್ತು. ಮೇಲಿನ ಬಿರಡೆ ತಿರುಪಿ ಕೋಲು ಇಳಿಸಿ ನೋಡಿದೆವು. ನಾಲ್ಕು ಬೆರಳು ನೀರು. ಗಾಜಿನ ಕೆಳತುದಿಗಿಂತಲೂ ಕೆಳಗೆ. ತಳ ಒಣಗಿರಲಿಲ್ಲ. ಇನ್ನೊಂದು ಮುಕ್ಕಾಲು ಗಂಟೆ ಉರಿದಿದ್ದರೆ ಅನ್ನುವ ಲೆಕ್ಕವನ್ನು ನಾನು ಮಾಡಲಿಲ್ಲ. ಅಂದರೆ ಮಾಡಿದೆ, ಇಲ್ಲಿ ಬರೆಯುವುದಿಲ್ಲ. ಕೆಳಗಿನ ಕೊಳವೆಗೆ ತಂತಿ ಹಾಕಿದರೆ ತುಕ್ಕು ಬೆರೆತ ಕೆಂಪು ಕೆಸರು ಗಟ್ಟಿಯಾಗಿ ಬಂತು, ಹಲ್ಲುಪುಡಿ ಕಲಸಿದ ಹಾಗೆ. ಗುಡ್ಡದ ಪೈಪಿನ ನೀರು. ಮಳೆಗಾಲದ ಮಣ್ಣು ಇನ್ನೂ ಇಳಿದಿಲ್ಲ. ಸೋಸದೆ ಹಾಕಿದ್ದು ನಾನೇ. ಬೆಳಿಗ್ಗೆ ತುಂಬಿಸುವಾಗಲೇ ಗಾಜಿನಲ್ಲಿ ನೀರು ಏರಲು ತಡ ಮಾಡಿತ್ತು, ಈಗ ನೆನಪಾಗುತ್ತಿದೆ.

ಎಣ್ಣೆ 180 ಮಿಲಿ ಬಂತು. ಯಾವಾಗಿನಷ್ಟೇ.

ಇವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಏನೂ ಅನ್ನದೆ ಹೋಗಿ ಬಾಯ್ಲರಿನ ಸುತ್ತ ಟಾರ್ಚ್ ಬಿಟ್ಟು ನೋಡಿ ಬಂದು ಅನ್ನಕ್ಕೆ ಕೂತರು. ಬೈದಿದ್ದರೇ ಚೆನ್ನಾಗಿತ್ತು. ಅತ್ತೆ ಮಾತ್ರ, "ಬಚ್ಚಲ ಹಂಡೆಯಾದರೆ ಮುಚ್ಚಳ ತೆಗೆದು ನೋಡಬಹುದಪ್ಪ" ಅಂದು ಮಜ್ಜಿಗೆ ಬಡಿಸಿದರು.

ಈಗ ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಬರದೆ ಎಣ್ಣೆ ಲೆಕ್ಕದ ನೋಟ್‌ಬುಕ್ ತೆಗೆದೆ. ಹಿಂದಿನ ಕೊಯ್ಲು, ಸೆಪ್ಟೆಂಬರ್. ಹುಲ್ಲು 58 ಕೆಜಿ, ಎಣ್ಣೆ 170, ಸೌದೆ ಇಷ್ಟು. ಕೊನೆಯಲ್ಲಿ "ನೀರು ಕಮ್ಮಿ ಖರ್ಚು!" ಅಂತ ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದ್ದೇನೆ. ಬಕೆಟ್ ಎಷ್ಟು ಅಂತ ಬರೆದಿಲ್ಲ. ಅವತ್ತು ಶೆಟ್ಟರೂ ಬಂದಿರಲಿಲ್ಲ. ಅತ್ತೆಗೇನಾದರೂ ನೆನಪಿದೆಯಾ ಕೇಳಬೇಕು, ಅವತ್ತು ಜಗುಲಿ ಒಂದೇ ಒರೆಸಿದ್ದಾ, ಇಲ್ಲಾ ಅಡುಗೆಮನೆಯನ್ನೂ